ಎಚ್‌ಪಿಎ ಗನ್ ಕೊಳ್ಳಲಾ, ಬ್ಯಾಟರಿಯದ್ದು ಕೊಳ್ಳಲಾ? ಮೊದಲು ಗಾಳಿ ಎಲ್ಲಿ ತುಂಬಿಸುತ್ತೀರಿ ಹೇಳಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರು ಕಾಸರಗೋಡಿನ ಬದಿಯಡ್ಕ, ವೈದ್ಯಕೀಯ ಓದುವುದು ಫಿಲಿಪ್ಪೀನ್ಸ್‌ನ ದಾವಾವೊದಲ್ಲಿ. ಅಲ್ಲಿ ಗೆಳೆಯರ ಜೊತೆ ಏರ್‌ಸಾಫ್ಟ್, ಅಂದರೆ ಪ್ಲಾಸ್ಟಿಕ್ ಗುಂಡಿನ ಗನ್ ಹಿಡಿದು ಎರಡು ಪಾರ್ಟಿಗಳು ಆಡುವ ಆಟದ ಹುಚ್ಚು ಹತ್ತಿದೆ. ಇಷ್ಟು ದಿನ ಬಾಡಿಗೆ ಗನ್, ಈಗ ಸ್ವಂತದ್ದು ಬೇಕು. ಗಾಳಿ ಸಿಲಿಂಡರಿನ ಎಚ್‌ಪಿಎ (ಹೈ ಪ್ರೆಷರ್ ಏರ್) ತೆಗೆದುಕೊಳ್ಳಲಾ, ಬ್ಯಾಟರಿಯ ಎಇಜಿ (ಆಟೊಮ್ಯಾಟಿಕ್ ಎಲೆಕ್ಟ್ರಿಕ್ ಗನ್) ತೆಗೆದುಕೊಳ್ಳಲಾ, ಓದು ಮುಗಿದ ಮೇಲೆ ಊರಿಗೆ ತರಬಹುದಾ ಅಂತ ಕೇಳಿದ್ದೀರಿ.

ನಾನು ಕುಂಬಳೆಯವನು. ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ, ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ. ನಮ್ಮ ಹಡಗಿನ ಫಿಟ್ಟರ್ ಒಬ್ಬ ಫಿಲಿಪಿನೋ. ಅವನಿಗೆ ಏರ್‌ಸಾಫ್ಟ್ ಅಂದರೆ ಊಟ ಬೇಡ. ಮನಿಲಾದಲ್ಲಿ ಹಡಗು ಹತ್ತಲು ಕಾಯಬೇಕಾಗಿ ಬಂದಾಗ ಎರಡು ಸಲ ಅವನ ಜೊತೆ ಹೋಗಿ ಆಡಿದ್ದೇನೆ. ಒಮ್ಮೆ ಅವನ ಎಇಜಿ, ಇನ್ನೊಮ್ಮೆ ಅವನ ಎಚ್‌ಪಿಎ. ಆಟದಲ್ಲಿ ನಾನು ಎಂತದ್ದೂ ಅಲ್ಲ. ಆದರೆ ಒತ್ತಡದ ಗಾಳಿ ನನಗೆ ದಿನಾ ಅನ್ನ ಕೊಡುವ ವಸ್ತು. ನಮ್ಮ ದೊಡ್ಡ ಇಂಜಿನ್ ಸ್ಟಾರ್ಟ್ ಆಗುವುದೇ 30 ಬಾರ್ ಗಾಳಿಯಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ).

ಮೊದಲೇ ಹೇಳಿಬಿಡುತ್ತೇನೆ: ಎಇಜಿ ತೆಗೆದುಕೊಳ್ಳಿ. ನೀವು ಆಡುವ ಜಾಗದಲ್ಲೇ ಗಾಳಿ ತುಂಬಿಸುವ ವ್ಯವಸ್ಥೆ ಇದ್ದರೆ ಮಾತ್ರ ಎಚ್‌ಪಿಎ ಬಗ್ಗೆ ಯೋಚಿಸಿ.

ಎಇಜಿ ಒಳಗೆ ನಡೆಯುವುದು ಸರಳ. ಬ್ಯಾಟರಿ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಮೂರು ಗೇರುಗಳನ್ನು. ಗೇರಿನ ಹಲ್ಲು ಪಿಸ್ಟನ್ನನ್ನು ಸ್ಪ್ರಿಂಗಿನ ಎದುರು ಹಿಂದಕ್ಕೆ ಎಳೆದು, ಹಲ್ಲು ಮುಗಿದ ಕೂಡಲೇ ಬಿಟ್ಟುಬಿಡುತ್ತದೆ. ಪಿಸ್ಟನ್ ಮುಂದೆ ನುಗ್ಗಿ ಸಿಲಿಂಡರಿನ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಗುಂಡನ್ನು ತಳ್ಳುತ್ತದೆ. ಅಂದರೆ ಇದೂ ಗಾಳಿ ಗನ್ನೇ, ಗಾಳಿಯನ್ನು ಆಗಲೇ ತಯಾರಿಸಿಕೊಳ್ಳುತ್ತದೆ ಅಷ್ಟೆ. ಜಪಾನಿನ ಟೋಕಿಯೊ ಮಾರುಯಿ ಕಂಪನಿ 1991ರಲ್ಲಿ ಮೊದಲು ಇದನ್ನು ಮಾರುಕಟ್ಟೆಗೆ ತಂದದ್ದು. ಆವತ್ತಿನ ಲೆಕ್ಕಾಚಾರವೇ ಇವತ್ತಿಗೂ ನಡೆಯುತ್ತಿದೆ. ಹಾಗಾಗಿ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ, ರಿಪೇರಿ ಗೊತ್ತಿರುವವರೂ ಸಿಗುತ್ತಾರೆ.

ರಿಪೇರಿ ಬರುತ್ತದೆ, ಅದರಲ್ಲಿ ಸಂಶಯ ಬೇಡ. ಒಂದು ರಾತ್ರಿ ಹಡಗಿನ ಮೆಸ್ ಮೇಜಿನ ಮೇಲೆ ಫಿಟ್ಟರ್ ಗೇರ್‌ಬಾಕ್ಸ್ ಒಂದನ್ನು ಬಿಚ್ಚಿದ. ರಜೆಯಲ್ಲಿ ಆಡುವಾಗ ಹಾಳಾದದ್ದು, ಗನ್ ಮನೆಯಲ್ಲಿ ಬಿಟ್ಟು ಡಬ್ಬವನ್ನಷ್ಟೇ ತಂದಿದ್ದ. ಮುಚ್ಚಳ ಎತ್ತಿದ್ದೇ ತಡ, ಸ್ಪ್ರಿಂಗ್ ಟಣ್ಣನೆ ಹಾರಿ ಸಾರಿನ ಪಾತ್ರೆಗೆ ಬಿತ್ತು. ಗೇರಿನ ಕೆಳಗೆ ಇಡುವ, ಕೂದಲಿನಷ್ಟು ತೆಳು ಬಿಲ್ಲೆಗಳು ನೆಲದಲ್ಲಿ ಚೆಲ್ಲಾಡಿದವು. ಮೂರು ಜನ ಟಾರ್ಚ್ ಹಿಡಿದು ಹುಡುಕಿದೆವು. ಪಿಸ್ಟನ್ ನೋಡಿದರೆ ನಡುವಿನ ನಾಲ್ಕು ಹಲ್ಲು ಬೋಳಿಸಿದ ಹಾಗೆ ಹೋಗಿದ್ದವು. ಕಾರಣ ಅವನೇ ಒಪ್ಪಿಕೊಂಡ: 7.4 ವೋಲ್ಟಿನ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಮಾಡಿದ ಗನ್ನಿಗೆ 11.1 ವೋಲ್ಟಿನದ್ದು ಹಾಕಿದ್ದ. ಗುಂಡು ಬೇಗ ಬೇಗ ಹೋಗಲಿ ಅಂತ. ಪಿಸ್ಟನ್ ಪೂರ್ತಿ ಮುಂದೆ ಬರುವ ಮೊದಲೇ ಗೇರು ಮತ್ತೆ ಬಂದು ಅದರ ಹಲ್ಲಿಗೆ ಹೊಡೆದಿದೆ. ಆ ಆಸೆ ನಿಮಗೂ ಹುಟ್ಟುತ್ತದೆ, ಸ್ವಲ್ಪ ತಡೆದುಕೊಳ್ಳಿ. ಹಾಗೆಯೇ ಲೈಪೊವನ್ನು ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗೆ ಇಳಿಸಬೇಡಿ. ಉಬ್ಬಿದ ಬ್ಯಾಟರಿಯನ್ನು ಹಾಸ್ಟೆಲಿನಲ್ಲಿ ಮಂಚದ ಅಡಿಗೆ ಇಟ್ಟು ಚಾರ್ಜ್ ಮಾಡಲೇಬೇಡಿ.

ಈಗ ಎಚ್‌ಪಿಎ. ಇದರಲ್ಲಿ ಗೇರ್ ಇಲ್ಲ, ಸ್ಪ್ರಿಂಗ್ ಎಳೆಯುವ ಕೆಲಸ ಇಲ್ಲ. ಸಿಲಿಂಡರಿನಲ್ಲಿ 3000 ಪಿಎಸ್‌ಐ ಗಾಳಿ, ಕೆಲವದರಲ್ಲಿ 4500 (ಪಿಎಸ್‌ಐ ಒತ್ತಡದ ಇನ್ನೊಂದು ಅಳತೆ). ರೆಗ್ಯುಲೇಟರ್ ಅದನ್ನು ಹಂತ ಹಂತವಾಗಿ ಇಳಿಸಿ, ಗನ್ನಿನೊಳಗೆ ಹೋಗುವಾಗ ಹೆಚ್ಚುಕಡಿಮೆ ಲಾರಿ ಟೈರಿನಷ್ಟಕ್ಕೆ ತರುತ್ತದೆ. ಟ್ರಿಗರ್ ಒತ್ತಿದರೆ ಕರೆಂಟಿನಲ್ಲಿ ಕೆಲಸ ಮಾಡುವ ಒಂದು ಸೊಲೆನಾಯ್ಡ್ ವಾಲ್ವ್ ಕ್ಷಣಮಾತ್ರ ತೆರೆದು ಮುಚ್ಚುತ್ತದೆ, ಅಷ್ಟೇ. ಆ ವಾಲ್ವಿಗೂ ಸಣ್ಣ ಬ್ಯಾಟರಿ ಬೇಕು, ಹಾಗಾಗಿ ಬ್ಯಾಟರಿಯಿಂದ ಪೂರ್ತಿ ತಪ್ಪಿಸಿಕೊಂಡೆ ಅಂತ ತಿಳಿಯಬೇಡಿ. ಪೋಲಾರ್‌ಸ್ಟಾರ್ ಕಂಪನಿಯ ಕೈಥೆರಾ ತರಹದ, ಬ್ಯಾಟರಿಯೇ ಬೇಡದ ಮೆಕ್ಯಾನಿಕಲ್ ಇಂಜಿನ್ನುಗಳೂ ಉಂಟು.

ಕೈಯಲ್ಲಿ ಹಿಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಎಇಜಿ ಮಿಕ್ಸಿಯ ಹಾಗೆ ಗುರ್ ಅನ್ನುತ್ತದೆ, ಬೆರಳಿಗೂ ಗುಂಡಿಗೂ ನಡುವೆ ಒಂದು ಸಣ್ಣ ತಡ. ಎಚ್‌ಪಿಎಯಲ್ಲಿ ಟಪ್ ಅಂದರೆ ಮುಗಿಯಿತು. ಒಮ್ಮೆ ಹಿಡಿದವನಿಗೆ ಮತ್ತೆ ಎಇಜಿ ಮಂಕು ಅನ್ನಿಸುತ್ತದೆ, ನನಗೂ ಅನ್ನಿಸಿತು.

ಆದರೆ ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಗನ್ನಿಗೆ ಒಂದು ಪೈಪು ಬರುತ್ತದಲ್ಲ, ಅದನ್ನು ಕಂಡಾಗ ನನಗೆ ನಮ್ಮ ತೋಟ ನೆನಪಾಯಿತು. ನೀವೂ ಬದಿಯಡ್ಕದವರು, ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವುದನ್ನು ನೋಡಿಯೇ ಇರುತ್ತೀರಿ. ಕೆಳಗೆ ಒಬ್ಬ ಪಂಪು ಒತ್ತುತ್ತಾನೆ, ಮೇಲೆ ಮರದಲ್ಲಿ ಇನ್ನೊಬ್ಬ, ನಡುವೆ ಉದ್ದದ ಪೈಪು. ಮರದವನಿಗೆ ತೊಂದರೆ ಕೊಡುವುದು ಮದ್ದೂ ಅಲ್ಲ, ಎತ್ತರವೂ ಅಲ್ಲ, ಆ ಪೈಪು. ಬಳ್ಳಿಗೆ ಸಿಕ್ಕಿತು, ಹಾಳೆಗೆ ಸಿಕ್ಕಿತು, ಜಾಯಿಂಟ್ ಕಳಚಿತು, ಕೆಳಗಿದ್ದವರ ತಲೆ ಮೇಲೆಲ್ಲ ಮೈಲುತುತ್ತಿನ ನೀಲಿ. ಎಚ್‌ಪಿಎ ಹಿಡಿದು ಪೊದೆಯೊಳಗೆ ನುಗ್ಗಿದಾಗ ನನ್ನ ಕಥೆಯೂ ಅದೇ ಆಯಿತು. ಮುಳ್ಳಿಗೆ ಪೈಪು ಸಿಕ್ಕಿ ನಾನು ಹಿಂದಕ್ಕೆ ಎಳೆದು ನಿಂತೆ. ಎದುರು ಪಾರ್ಟಿಯವ ನಿಧಾನಕ್ಕೆ ಬಂದು ಹೊಡೆದುಹೋದ.

ನಿಜವಾದ ತಲೆನೋವು ಗಾಳಿ ತುಂಬಿಸುವುದು. 48 ಕ್ಯುಬಿಕ್ ಇಂಚಿನ ಸಿಲಿಂಡರ್ ಅಂದರೆ 0.8 ಲೀಟರಿನಷ್ಟು ಜಾಗ. 3000 ಪಿಎಸ್‌ಐ ಅಂದರೆ ಸುಮಾರು 207 ಬಾರ್. ಎರಡೂ ಗುಣಿಸಿದರೆ ನೂರ ಅರವತ್ತು ಲೀಟರಿನ ಆಸುಪಾಸು ಗಾಳಿ. ಒಂದು ದಿನದ ಆಟಕ್ಕೆ ಸಾಮಾನ್ಯವಾಗಿ ಸಾಕು. ಆಮೇಲೆ? ಟೈರ್ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಕೊಟ್ಟರೆ ದೊಡ್ಡದು. 200 ಬಾರ್ ಬೇಕಾದರೆ ಪೇಂಟ್‌ಬಾಲ್ ಮೈದಾನ, ಸ್ಕೂಬಾ ಡೈವಿಂಗಿನವರು, ಇಲ್ಲವೇ ಸ್ವಂತ ಹೈ ಪ್ರೆಷರ್ ಕಂಪ್ರೆಸರ್. ಕೈಪಂಪೂ ಉಂಟು, ಒಮ್ಮೆ ಒತ್ತಿ ನೋಡಿ, ಆ ದಿನ ಆಡಲು ತೋಳು ಏಳುವುದಿಲ್ಲ. ಫಿಟ್ಟರಿಗೆ ಇದೆಲ್ಲ ಸುಲಭ, ಅವನು ಆಡುವ ಮೈದಾನದಲ್ಲೇ ತುಂಬಿಸಿ ಕೊಡುತ್ತಾರೆ. ನಿಮ್ಮ ಮೈದಾನದಲ್ಲಿ ಕೊಡುತ್ತಾರಾ? ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿದೆ.

ಸಿಲಿಂಡರ್ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೈಮೇಲಿನ ತಾರೀಕು ನೋಡಿ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಆಗಬೇಕು. ನಮ್ಮ ಹಡಗಿನ ಉಸಿರಾಟದ ಸಿಲಿಂಡರುಗಳಿಗೂ ಅದೇ ಲೆಕ್ಕ. ತುಂಬಿಸುವ ಬಾಯಿಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ಹೈ ಪ್ರೆಷರ್ ಗಾಳಿ ಒಮ್ಮೆಲೇ ನುಗ್ಗಿದರೆ ಬಿಸಿಯಾಗುತ್ತದೆ, ಎಣ್ಣೆ ಸೇರಿದರೆ ಡೀಸೆಲ್ ಇಂಜಿನ್ ಒಳಗೆ ಆಗುವುದೇ ಅಲ್ಲೂ ಆಗುತ್ತದೆ, ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇದು ಮಾತ್ರ ತಮಾಷೆಯಲ್ಲ.

ಎಚ್‌ಪಿಎ ಗುಂಡು ತುಂಬಾ ದೂರ ಹೋಗುತ್ತದೆ ಅಂತ ನಿಮಗೆ ಯಾರೋ ಹೇಳಿದರಂತೆ. ಸುಮ್ನೆ ಮಾತು. ಎರಡರಲ್ಲೂ ಅದೇ 6 ಮಿ.ಮೀ. ಪ್ಲಾಸ್ಟಿಕ್ ಗುಂಡು. 0.20 ಗ್ರಾಮಿನದ್ದು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ 1 ಜೂಲ್, ಗಾಳಿ ಎಲ್ಲಿಂದ ಬಂದರೂ ಅಷ್ಟೇ. ದೂರ ಹೋಗುವುದು, ನೇರ ಹೋಗುವುದು ಬ್ಯಾರಲ್ ಮತ್ತು ಹಾಪ್‌ಅಪ್ ರಬ್ಬರಿನ ಕೈಯಲ್ಲಿದೆ. ಗುಂಡಿಗೆ ಹಿಂದಕ್ಕೆ ಗಿರಕಿ ಹೊಡೆಸುವ ಆ ಸಣ್ಣ ರಬ್ಬರ್ ಒಳ್ಳೆಯದು ಹಾಕಿಸಿ, ಸ್ವಲ್ಪ ಭಾರದ ಗುಂಡು ಬಳಸಿ. ಅಗ್ಗದ ಎಇಜಿ ಕೂಡ ಮರ್ಯಾದೆಯಾಗಿ ಹೊಡೆಯುತ್ತದೆ. ಎಚ್‌ಪಿಎಯಲ್ಲಿ ರೆಗ್ಯುಲೇಟರ್ ತಿರುಗಿಸಿದರೆ ಶಕ್ತಿ ಏರುತ್ತದೆ ಅನ್ನುವುದು ನಿಜ. ಅದಕ್ಕೇ ಎಷ್ಟೋ ಮೈದಾನಗಳಲ್ಲಿ ಅಳೆದ ಮೇಲೆ ಅದಕ್ಕೆ ಬೀಗ ಹಾಕುತ್ತಾರೆ. ಎಇಜಿಯಲ್ಲಿ ಶಕ್ತಿ ಏರಿಸಬೇಕಾದರೆ ಸ್ಪ್ರಿಂಗೇ ಬದಲಿಸಬೇಕು, ಆಟದ ನಡುವೆ ಅದು ಆಗದ ಕೆಲಸ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ.

ಊರಿಗೆ ತರುವ ಯೋಚನೆ ಬಿಡಿ ಮಾರಾಯ್ರೆ. ನಮ್ಮ 2016ರ ಆರ್ಮ್ಸ್ ರೂಲ್ಸಿನಲ್ಲಿ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಅನ್ನುವ ರಿಯಾಯಿತಿ 20 ಜೂಲ್, 4.5 ಮಿ.ಮೀ. ಮೀರದ್ದಕ್ಕೆ. ನಿಮ್ಮ ಗುಂಡು 6 ಮಿ.ಮೀ. ಮಂಗಳೂರು, ಕಣ್ಣೂರು ಏರ್‌ಪೋರ್ಟಿನ ಕಸ್ಟಮ್ಸ್‌ನವರು ಚಿನ್ನ ಹುಡುಕಿ ಹುಡುಕಿ ಹದ್ದಿನ ಕಣ್ಣು ಮಾಡಿಕೊಂಡವರು. ಬ್ಯಾಗಿನಲ್ಲಿ ಅಸಲಿನ ಹಾಗೇ ಕಾಣುವ ಗನ್ ಸಿಕ್ಕರೆ ಆಟದ್ದು ಅಂತ ಅವರಿಗೆ ಒಪ್ಪಿಸಲು ಎಷ್ಟು ಹೊತ್ತು ಬೇಕು? ಒಂದು ವೇಳೆ ತಂದರೂ ಎಚ್‌ಪಿಎಗೆ ಗಾಳಿ ಎಲ್ಲಿ? ಡೈವಿಂಗಿನವರು ಇರುವುದು ಮುರುಡೇಶ್ವರದಲ್ಲಿ, ನಮ್ಮಿಂದ ಇನ್ನೂರು ಕಿಲೋಮೀಟರ್ ಆಚೆ. ತೋಟದ ಮಂಗನಿಗೆ ಹೊಡೆಯಲು ಆಗುತ್ತದೆ ಅಂತ ಮನೆಯವರು ಹೇಳಿದರೆ ಅದೂ ಬೇಡ, 1972ರ ವನ್ಯಜೀವಿ ಕಾನೂನು ಅಡ್ಡ ಬರುತ್ತದೆ. ಓದು ಮುಗಿದಾಗ ಅಲ್ಲೇ ಮಾರಿಬಿಡಿ. ಎಇಜಿ ಒಂದೇ ದಿನದಲ್ಲಿ ಹೋಗುತ್ತದೆ.

ಇನ್ನೊಂದು, ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗನ್ನಿಗಿಂತ ಮೊದಲು ಮಾಸ್ಕ್ ಕೊಳ್ಳಿ, ಬಾಯಿಯೂ ಮುಚ್ಚುವಂತದ್ದು. ನಾನು ಕನ್ನಡಕ ಮಾತ್ರ ಹಾಕಿಕೊಂಡು ಹೋಗಿದ್ದೆ. ಗುಂಡು ತಾಗಿತು ಅಂತ ಕೂಗಲು ಬಾಯಿ ತೆರೆದೆ, ಆಗಲೇ ಇನ್ನೊಂದು ಬಂತು. ಮೇಲಿನ ಮುಂದಿನ ಹಲ್ಲಿನ ಮೂಲೆ ಈಗಲೂ ಮನಿಲಾದಲ್ಲೇ ಬಿದ್ದಿದೆ.