ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರೇ ಬದಲಾಯ್ತು!

ಪ್ರಶ್ನೆ: ನಮ್ಮ ಅತ್ತೆಗೆ ಡಯಾಲಿಸಿಸ್‌ಗೆಂದು ಕತ್ತಿನ ಹತ್ತಿರ ಕ್ಯಾಥೆಟರ್ (ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿದ್ದಾರೆ. ಚಳಿಜ್ವರ ಬಂತು, ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಮಾಡಿಸಿದೆವು. ಮೊದಲು ‘ಎಲಿಜಬೆತ್‌ಕಿಂಗಿಯಾ ಮೆನಿಂಗೋಸೆಪ್ಟಿಕಾ’ ಅಂದರು. ಎರಡು ದಿನ ಬಿಟ್ಟು ‘ಎಲಿಜಬೆತ್‌ಕಿಂಗಿಯಾ ಅನೋಫೆಲಿಸ್’ ಅಂತ ತಿದ್ದಿ ಕೊಟ್ಟರು. ಇದು ಸೊಳ್ಳೆಯಿಂದ ಬಂತಾ? ಲ್ಯಾಬಿನವರು ಎಡವಟ್ಟು ಮಾಡಿದರಾ?

ಉತ್ತರ: ಪಾಪ, ಸೊಳ್ಳೆಯನ್ನು ಬಿಟ್ಟುಬಿಡಿ. 2011ರಲ್ಲಿ ಈ ಪ್ರಭೇದವನ್ನು ಮೊದಲು ಗುರುತಿಸಿದ್ದು ಅನೋಫಿಲಿಸ್ ಸೊಳ್ಳೆಯ ಕರುಳಿನಲ್ಲಿ. ಹಾಗಾಗಿ ಆ ಹೆಸರು, ಅಷ್ಟೇ. ಈ ಕುಲದ ಬ್ಯಾಕ್ಟೀರಿಯಾಗಳು ನೀರು, ಮಣ್ಣಿನಲ್ಲಿರುತ್ತವೆ. ಆಸ್ಪತ್ರೆಯ ಸಿಂಕು, ನಲ್ಲಿಗಳಲ್ಲೂ ಸಿಕ್ಕಿವೆ. ಗಟ್ಟಿಮುಟ್ಟಾಗಿರುವವರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ದೇಹ ಸೋತಿದ್ದರೆ, ರಕ್ತಕ್ಕೆ ನೇರ ದಾರಿ ಸಿಕ್ಕರೆ ಒಳಗೆ ನುಗ್ಗುತ್ತವೆ.

ಇನ್ನು ಹೆಸರಿನ ವಿಷಯ. ಈಗ ಬಹಳ ಲ್ಯಾಬ್‌ಗಳಲ್ಲಿ ಮಾಲ್ಡಿ-ಟಾಫ್ ಎಂಬ ಯಂತ್ರವಿದೆ. ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಕಡ್ಡಿಯ ತುದಿಯಲ್ಲಿ ಚೂರೇ ಚೂರು ತೆಗೆದು ಲೋಹದ ಹಲಗೆಗೆ ಸವರುತ್ತಾರೆ. ಮೇಲೊಂದು ಹನಿ ರಾಸಾಯನಿಕ. ಲೇಸರ್ ಬಿದ್ದ ಕೂಡಲೇ ಪ್ರೋಟೀನುಗಳು ಹಾರುತ್ತವೆ. ಹಗುರವಾದವು ಮೊದಲು ತಲುಪುತ್ತವೆ, ಭಾರವಾದವು ಆಮೇಲೆ. ಹೀಗೆ ಮೂಡುವ ಗೆರೆಗಳೇ ಅದರ ಬೆರಳಚ್ಚು. ಯಂತ್ರ ಅದನ್ನು ತನ್ನ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ. ಪಟ್ಟಿ ಹಳೆಯದಾಗಿದ್ದು ಅದರಲ್ಲಿ ಅನೋಫೆಲಿಸ್ ಇಲ್ಲದಿದ್ದರೆ? ಅದರ ಅಣ್ಣತಮ್ಮನ ಹೆಸರು ಹೇಳಿಬಿಡುತ್ತದೆ. ಈ ಇಬ್ಬರ ನಡುವೆ ಹೀಗಾಗುವುದು ಲ್ಯಾಬಿನವರಿಗೆಲ್ಲ ಗೊತ್ತಿರುವ ಗೋಳು. ಆಗ ಪಟ್ಟಿ ಹೊಸದು ಮಾಡಿಕೊಂಡು ನೋಡಬೇಕು, ಇಲ್ಲವೇ ಜೀನ್ ಓದಿಸಬೇಕು. ಸಾಮಾನ್ಯವಾಗಿ ಓದುವುದು ಸುಮಾರು 1,500 ಡಿಎನ್‌ಎ ಅಕ್ಷರಗಳ 16ಎಸ್ ಎಂಬ ಜೀನ್. ಇಷ್ಟು ಹತ್ತಿರದವರಾದರೆ ಕೆಲವೊಮ್ಮೆ ಅದೂ ಸಾಲದು, ಇಡೀ ಜೀನೋಮನ್ನೇ, ಅಂದರೆ ಅದರ ಪೂರ್ತಿ ಡಿಎನ್‌ಎಯನ್ನೇ ಓದಬೇಕಾಗುತ್ತದೆ. ನಿಮ್ಮ ಲ್ಯಾಬಿನವರು ಸುಮ್ನೆ ಬಿಡದೆ ತಿದ್ದಿದ್ದಾರೆ. ನನಗದು ಒಳ್ಳೆ ಕೆಲಸವಾಗಿಯೇ ಕಾಣುತ್ತದೆ.

ಇದರಿಂದ ಚಿಕಿತ್ಸೆ ದಾರಿ ತಪ್ಪಿತಾ ಎಂಬ ಭಯವೂ ಜಾಸ್ತಿ ಬೇಡ. ಜೋರು ಸೋಂಕಿಗೆ ಕೊಡುವ ಮೆರೊಪೆನೆಮ್‌ನಂಥ ಔಷಧಿಯನ್ನು ಮುರಿಯುವ ಕಿಣ್ವ ಇಬ್ಬರಲ್ಲೂ ಹುಟ್ಟಿನಿಂದಲೇ ಇದೆ. ಹಾಗಾಗಿ ಹೆಸರು ಯಾವುದಾದರೂ ಆ ಔಷಧಿಯನ್ನು ನೆಚ್ಚುವಂತಿಲ್ಲ. ಯಾವ ಔಷಧಿ ನಾಟುತ್ತದೆ ಅನ್ನುವುದನ್ನು ಸೆನ್ಸಿಟಿವಿಟಿ ಪರೀಕ್ಷೆಯನ್ನೂ ರೋಗಿಯ ಸ್ಥಿತಿಯನ್ನೂ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕ್ಯಾಥೆಟರ್‌ನಿಂದಲೂ ಕೈಯ ರಕ್ತನಾಳದಿಂದಲೂ ಒಂದೇ ಹೊತ್ತಿಗೆ ರಕ್ತ ತೆಗೆದಿದ್ದರಾ? ಎರಡರಲ್ಲೂ ಇದೇ ಬೆಳೆದಿದ್ದು, ಕ್ಯಾಥೆಟರ್‌ನಿಂದ ತೆಗೆದ ರಕ್ತದ ಬಾಟಲಿ ಎರಡು ಗಂಟೆಯೋ ಇನ್ನೂ ಹೆಚ್ಚೋ ಮೊದಲು ಪಾಸಿಟಿವ್ ಆಗಿದ್ದರೆ (ಬ್ಯಾಕ್ಟೀರಿಯಾ ಬೆಳೆದದ್ದು ತೋರಿದ್ದರೆ) ಸೋಂಕಿನ ಬೇರು ಕ್ಯಾಥೆಟರ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಆಗ ಅದನ್ನು ತೆಗೆಯಬೇಕೇ ಅಂತ ಇವತ್ತೇ ಕೇಳಿ.