ಮನೆಯ ಜಿಮ್‌ಗೆ ಬಹೂಪಯೋಗಿ ರ‍್ಯಾಕ್: ಮೊದಲು ಸೇಫ್ಟಿ ಬಾರ್ ನೋಡಿ, ಆಮೇಲೆ ಉಳಿದದ್ದು

ನಮಸ್ಕಾರ. ಬೆಂಗಳೂರಿನ ವಿಜಯನಗರದ ನಿಮ್ಮ ಫ್ಲ್ಯಾಟಿನಲ್ಲಿ 10 ಅಡಿಗೆ 11 ಅಡಿಯ ಕೋಣೆಯೊಂದು ಖಾಲಿ ಇದೆ, ನೀವೂ ನಿಮ್ಮ ಮನೆಯವರೂ ಭಾರ ಎತ್ತುವ ಅಭ್ಯಾಸ ಮಾಡುತ್ತೀರಿ, ಒಟ್ಟು 70,000 ರೂಪಾಯಿ ತೆಗೆದಿಟ್ಟಿದ್ದೀರಿ. ಸ್ಮಿತ್ ಮಷೀನ್ (ರಾಡು ಕಂಬಿಗಳ ಮೇಲೆ ಜಾರುವ ಯಂತ್ರ), ರಾಟೆಯ ಮೇಲಿನ ಕೇಬಲ್, ಪುಲ್-ಅಪ್ ಎಲ್ಲವೂ ಒಂದರಲ್ಲೇ ಇರುವ ದೊಡ್ಡ ರ‍್ಯಾಕ್ ಕೊಳ್ಳಬೇಕೋ, ಸರಳವಾದ ನಾಲ್ಕು ಕಂಬದ ಪವರ್ ರ‍್ಯಾಕ್ ಸಾಕೋ ಎಂದು ಕೇಳಿದ್ದೀರಿ. ನಾಲ್ಕು ಕಂಬದ ರ‍್ಯಾಕ್ ಕೊಳ್ಳಿ ಎಂಬುದೇ ನನ್ನ ಉತ್ತರ. ಕೇಬಲ್ ಬೇಕೆನಿಸಿದರೆ ಅದೇ ರ‍್ಯಾಕಿಗೆ ಆಮೇಲೆ ಜೋಡಿಸಿಕೊಳ್ಳಬಹುದು. ಮನೆಯಲ್ಲಿ ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ರ‍್ಯಾಕ್ ಮಾಡಿಕೊಡಬೇಕಾದ ಮೊದಲ ಕೆಲಸವೆಂದರೆ ಕೈ ಸೋತಾಗ ರಾಡನ್ನು ಹಿಡಿದುಕೊಳ್ಳುವುದು. ಕಂಬಗಳ ರಂಧ್ರಗಳಿಗೆ ಸಿಕ್ಕಿಸುವ ಸೇಫ್ಟಿ ಬಾರುಗಳು ಅದನ್ನು ಮಾಡುತ್ತವೆ. ಆ ಕೆಲಸದಲ್ಲಿ ಕೊರತೆಯಿರುವ ರ‍್ಯಾಕಿನಲ್ಲಿ ಬೇರೆ ಎಷ್ಟು ಸೌಲಭ್ಯಗಳಿದ್ದರೂ ಅದನ್ನು ತರಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2020ರ ಲಾಕ್‌ಡೌನಿನಲ್ಲಿ ಜಿಮ್‌ಗಳು ಮುಚ್ಚಿದಾಗ ನಾನು ಅವಸರದಲ್ಲಿ ಒಂದು ಬಹೂಪಯೋಗಿ ರ‍್ಯಾಕ್ ತರಿಸಿದೆ. ಜಾಹೀರಾತಿನಲ್ಲಿ ಹತ್ತಾರು ವ್ಯಾಯಾಮಗಳ ಚಿತ್ರಗಳಿದ್ದವು. ಅವನ್ನು ನೋಡಿದೆನೇ ಹೊರತು ಕಂಬದ ರಂಧ್ರಗಳ ನಡುವೆ ಎಷ್ಟು ಅಂತರವಿದೆ ಎಂದು ನೋಡಲಿಲ್ಲ. ಅದು 10 ಸೆಂಟಿಮೀಟರ್ ಇತ್ತು. ಬೆಂಚ್ ಪ್ರೆಸ್ ಮಾಡುವಾಗ, ಅಂದರೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ಒತ್ತುವಾಗ, ಸೇಫ್ಟಿ ಬಾರನ್ನು ಒಂದು ರಂಧ್ರಕ್ಕೆ ಹಾಕಿದರೆ ರಾಡು ಎದೆ ಮುಟ್ಟುವ ಮೊದಲೇ ತಡೆಯುತ್ತಿತ್ತು, ಅದರ ಕೆಳಗಿನ ರಂಧ್ರಕ್ಕೆ ಹಾಕಿದರೆ ಅದು ಕತ್ತಿನ ಮಟ್ಟಕ್ಕಿಂತಲೂ ಕೆಳಗೆ ಉಳಿಯುತ್ತಿತ್ತು. ಕೆಳಗಿನದ್ದೇ ಇರಲಿ ಎಂದುಕೊಂಡು ಕೆಲವು ತಿಂಗಳು ಕಳೆದೆ. ಒಂದು ಸಂಜೆ 60 ಕಿಲೋ ಇಟ್ಟು ಐದನೆಯ ಸಲ ಎತ್ತುವಾಗ ರಾಡು ಅರ್ಧದಲ್ಲೇ ನಿಂತು, ನಿಧಾನವಾಗಿ ಇಳಿದು ಎದೆಯ ಮೇಲೆ ಕೂತಿತು. ಕೂಗಿ ಕರೆದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದುದರಿಂದ ಅಮ್ಮನಿಗೆ ಕೇಳಿಸಲಿಲ್ಲ. ಎರಡೂ ತುದಿಗೆ ಕ್ಲಿಪ್ ಬಿಗಿದಿದ್ದೆನಾದ್ದರಿಂದ ರಾಡನ್ನು ಒಂದು ಕಡೆಗೆ ವಾಲಿಸಿ ಪ್ಲೇಟುಗಳನ್ನು ಜಾರಿಸುವಂತೆಯೂ ಇರಲಿಲ್ಲ. ಕೊನೆಗೆ ಅದನ್ನು ಹೊಟ್ಟೆಯ ಮೇಲಿನಿಂದ ತೊಡೆಯವರೆಗೆ ಉರುಳಿಸಿಕೊಂಡು ಎದ್ದು ಕೂತೆ. ಪಕ್ಕೆಲುಬಿನ ಕೆಳಗೆ ಎದ್ದ ಕೆಂಪು ಬರೆ ಹೋಗಲು ಒಂದು ವಾರ ಹಿಡಿಯಿತು. ಅದೇ ರಾಡು ಕತ್ತಿನ ಕಡೆಗೆ ಉರುಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಇವತ್ತಿಗೂ ನೆನೆಯಲು ಮನಸ್ಸಾಗುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವಾಗ ಟೇಪು ತೆಗೆದುಕೊಂಡು ಹೋಗಿ. ರಂಧ್ರದ ನಡುವಿನಿಂದ ಮುಂದಿನ ರಂಧ್ರದ ನಡುವಿಗೆ 5 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಕೆಲವು ರ‍್ಯಾಕ್‌ಗಳಲ್ಲಿ ಬೆಂಚಿನ ಎತ್ತರದ ಭಾಗದಲ್ಲಿ ಮಾತ್ರ 2.5 ಸೆಂಟಿಮೀಟರಿಗೊಂದು ರಂಧ್ರ ಇರುತ್ತದೆ. ಅಮೆರಿಕದ ಒಹಾಯೋ ರಾಜ್ಯದ ವೆಸ್ಟ್‌ಸೈಡ್ ಬಾರ್ಬೆಲ್ ಎಂಬ ಜಿಮ್‌ನ ಹೆಸರಿನಿಂದ ಅದನ್ನು ವೆಸ್ಟ್‌ಸೈಡ್ ಅಂತರ ಎನ್ನುತ್ತಾರೆ. ಸಾಧ್ಯವಾದರೆ ಅಂಥದ್ದನ್ನೇ ಆರಿಸಿ, ಏಕೆಂದರೆ ಎದೆಗೂ ಕತ್ತಿಗೂ ನಡುವೆ ನಮಗೆ ಸಿಗುವ ಜಾಗ ಮೂರು ನಾಲ್ಕು ಬೆರಳಿನಷ್ಟು ಮಾತ್ರ. ಬೆಂಚಿನ ಮೇಲೆ ಎದೆ ಉಬ್ಬಿಸಿ ಮಲಗಿದಾಗ ರಾಡು ಎದೆಗೆ ಮುಟ್ಟಬೇಕು, ಸೇಫ್ಟಿ ಬಾರಿಗೆ ತಾಗಬಾರದು. ಉಸಿರು ಬಿಟ್ಟು ಬೆನ್ನನ್ನು ಚಪ್ಪಟೆ ಮಾಡಿದ ಕೂಡಲೇ ಅದರ ಭಾರವೆಲ್ಲ ಸೇಫ್ಟಿ ಬಾರಿನ ಮೇಲೆ ಕೂರಬೇಕು. ಇದನ್ನು ಅಂಗಡಿಯಲ್ಲೇ ಖಾಲಿ ರಾಡಿನಲ್ಲಿ ಮಲಗಿ ಪರೀಕ್ಷಿಸಲು ಸಂಕೋಚಪಡಬೇಡಿ. ಸೇಫ್ಟಿಗಳಲ್ಲಿ ಕಬ್ಬಿಣದ ಬಾರುಗಳೂ ಇವೆ, ನೈಲಾನ್ ಪಟ್ಟಿಗಳೂ ಇವೆ. ಪಟ್ಟಿಯ ಮೇಲೆ ರಾಡು ಬಿದ್ದರೆ ಸದ್ದು ಕಡಿಮೆ, ರಾಡಿಗೂ ಪೆಟ್ಟಾಗುವುದಿಲ್ಲ. ಫ್ಲ್ಯಾಟಿನಲ್ಲಿರುವವರಿಗೆ ನಾನು ಪಟ್ಟಿಯನ್ನೇ ಹೇಳುತ್ತೇನೆ. ಎರಡೇ ಕಂಬದ ಸ್ಕ್ವಾಟ್ ಸ್ಟ್ಯಾಂಡುಗಳಿಗೂ ಹಾಫ್ ರ‍್ಯಾಕ್‌ಗಳಿಗೂ ಮುಂದೆ ಚಾಚಿದ ತೋಳುಗಳಿರುತ್ತವೆ. ಅವು ಕೆಟ್ಟವಲ್ಲ, ಆದರೆ ರಾಡನ್ನು ಹೆಗಲ ಮೇಲಿಟ್ಟು ಕುಳಿತು ಏಳುವ ಸ್ಕ್ವಾಟ್ ಮಾಡುವಾಗ ಒಂದು ಹೆಜ್ಜೆ ತಪ್ಪಿದರೂ ರಾಡು ತೋಳಿನಾಚೆಗೆ ಬೀಳಬಹುದು. ನಾಲ್ಕು ಕಂಬದ ಒಳಗೆ ನಿಂತವರಿಗೆ ಆ ಭಯವಿಲ್ಲ.

ಇನ್ನು ಕೋಣೆಯ ವಿಚಾರ. ಪುರುಷರ ಒಲಿಂಪಿಕ್ ರಾಡಿನ ಉದ್ದ 2.2 ಮೀಟರ್, ತೂಕ 20 ಕಿಲೋ, ಮಹಿಳೆಯರದು 2.01 ಮೀಟರ್, 15 ಕಿಲೋ. ಪ್ಲೇಟು ಕೂರುವ ತುದಿಯ ದಪ್ಪ ಎರಡರಲ್ಲೂ 50 ಮಿಲಿಮೀಟರ್ ಆದ್ದರಿಂದ ಪ್ಲೇಟುಗಳು ಒಂದೇ ಸೆಟ್ ಸಾಕು. ಹಿಡಿಯುವ ಭಾಗ ಮಾತ್ರ ಪುರುಷರ ರಾಡಿನಲ್ಲಿ 28, ಮಹಿಳೆಯರದರಲ್ಲಿ 25 ಮಿಲಿಮೀಟರ್; ನಿಮ್ಮ ಮನೆಯವರ ಕೈ ಚಿಕ್ಕದಿದ್ದರೆ ಆ 3 ಮಿಲಿಮೀಟರ್ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪುರುಷರ ರಾಡಿನ ಪ್ಲೇಟು ಕೂರುವ ಭಾಗ ಒಂದೊಂದು ತುದಿಯಲ್ಲೂ ಸುಮಾರು 41 ಸೆಂಟಿಮೀಟರ್ ಉದ್ದವಿದೆ. ಈಗ ಲೆಕ್ಕ ಹಾಕಿ: ರಾಡನ್ನು 11 ಅಡಿಯ ಗೋಡೆಗೆ ಸಮಾನಾಂತರವಾಗಿ ಇಟ್ಟರೆ ಎರಡೂ ಬದಿಯಲ್ಲಿ 57 ಸೆಂಟಿಮೀಟರ್ ಸಿಗುತ್ತದೆ, ಪ್ಲೇಟು ಹಾಕಿ ತೆಗೆಯಲು ಅದು ಸಾಲುತ್ತದೆ. 10 ಅಡಿಯ ಕಡೆಗೆ ಇಟ್ಟರೆ ಉಳಿಯುವುದು 42 ಸೆಂಟಿಮೀಟರ್. ಪ್ಲೇಟನ್ನು ಎಳೆಯುವಾಗ ಬೆರಳಿನ ಗೆಣ್ಣು ಗೋಡೆಗೆ ತರಚುತ್ತದೆ. 11 ಅಡಿಯ ತುದಿಯಲ್ಲಿ ವಾರ್ಡ್‌ರೋಬ್ ಇದ್ದು ಅದು 2 ಅಡಿ ನುಂಗಿದ್ದರೆ ಲೆಕ್ಕವೆಲ್ಲ ಬದಲಾಗುತ್ತದೆ, ನೋಡಿಕೊಳ್ಳಿ. ಪುರುಷರ ರಾಡಿನ ಎರಡು ತುದಿಗಳ ನಡುವಿನ ಹಿಡಿಯ ಭಾಗ 131 ಸೆಂಟಿಮೀಟರ್ ಇರುವುದರಿಂದ ರ‍್ಯಾಕಿನ ಹೊರ ಅಗಲ 125 ಸೆಂಟಿಮೀಟರಿನ ಒಳಗಿರಬೇಕು.

ಎತ್ತರದಲ್ಲಿ ನಮ್ಮ ಮನೆಗಳಿಗೆ ಎರಡು ತೊಡಕುಗಳಿವೆ: ಒಂದು ಸೀಲಿಂಗ್ ಫ್ಯಾನ್, ಇನ್ನೊಂದು ಕಾಂಕ್ರೀಟಿನ ಸಜ್ಜಾ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ ಕನಿಷ್ಠ 2.75 ಮೀಟರ್ ಇರಬೇಕು. 2.1 ಮೀಟರ್ ಎತ್ತರದ ರ‍್ಯಾಕ್ ಅದರೊಳಗೆ ಆರಾಮವಾಗಿ ನಿಲ್ಲುತ್ತದೆ, ಪುಲ್-ಅಪ್ ಮಾಡುವಾಗ ತಲೆಗೂ ಜಾಗ ಉಳಿಯುತ್ತದೆ. ಆದರೆ 5 ಅಡಿ 8 ಅಂಗುಲದ ಒಬ್ಬರು ನಿಂತು ರಾಡನ್ನು ತಲೆಯ ಮೇಲೆ ಎತ್ತಿದರೆ ಅವರ ಮುಷ್ಟಿ ಸುಮಾರು 2.1 ಮೀಟರಿಗೆ ಹೋಗುತ್ತದೆ. 45 ಸೆಂಟಿಮೀಟರ್ ವ್ಯಾಸದ ಪ್ಲೇಟಿನ ಅರ್ಧವನ್ನು ಸೇರಿಸಿದರೆ ಮೇಲಂಚು 2.3 ಮೀಟರನ್ನು ದಾಟುತ್ತದೆ. ರಾಡಿನ ತುದಿ ಫ್ಯಾನಿನ ಅಡಿಗೆ ಬರುವಂತಿದ್ದರೆ ರೆಕ್ಕೆಗೂ ಪ್ಲೇಟಿಗೂ ಒಂದು ಗೇಣೂ ಉಳಿಯುವುದಿಲ್ಲ. ಆ ಕೋಣೆಯ ಸೀಲಿಂಗ್ ಫ್ಯಾನ್ ತೆಗೆಸಿ ಗೋಡೆ ಫ್ಯಾನ್ ಹಾಕಿಸಿ, ಖರ್ಚು ಅಲ್ಪ. ಸಜ್ಜಾದ ಕೆಳಗಂತೂ ರ‍್ಯಾಕ್ ಇಡಲೇಬೇಡಿ.

ಕಬ್ಬಿಣದ ದಪ್ಪದ ವಿಷಯದಲ್ಲಿ ಮಾರುವವರು ಗೇಜ್ ಲೆಕ್ಕ ಹೇಳುತ್ತಾರೆ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ ಎಂಬುದು ತಿಳಿದಿರಲಿ: 14 ಗೇಜ್ ಎಂದರೆ ಹತ್ತಿರ ಹತ್ತಿರ 2 ಮಿಲಿಮೀಟರ್, 11 ಗೇಜ್ ಎಂದರೆ 3. ಬಾಯಿಮಾತನ್ನು ನಂಬಬೇಕಿಲ್ಲ, ತೂಗಿ ನೋಡಬಹುದು. 75 ಮಿಲಿಮೀಟರ್ ಚೌಕದ ಪೈಪು 3 ಮಿಲಿಮೀಟರ್ ದಪ್ಪವಿದ್ದರೆ ಮೀಟರಿಗೆ ಸುಮಾರು 6.8 ಕಿಲೋ ತೂಗುತ್ತದೆ, 2 ಮಿಲಿಮೀಟರ್ ಇದ್ದರೆ 4.6 ಕಿಲೋ. ಹಾಗಾಗಿ 3 ಮಿಲಿಮೀಟರ್ ದಪ್ಪದ, 2.1 ಮೀಟರಿನ ಒಂದು ಕಂಬ 14 ಕಿಲೋ ಬರಬೇಕು. ರಂಧ್ರ ಕೊರೆದಾಗ ಹೋದ ಲೋಹಕ್ಕೆ ಒಂದು ಕಿಲೋ ಬಿಟ್ಟುಕೊಟ್ಟರೂ 13. ಬಿಡಿ ಕಂಬವನ್ನು ತಕ್ಕಡಿಯ ಮೇಲೆ ಇಟ್ಟಾಗ 9 ಅಥವಾ 10 ಕಿಲೋ ತೋರಿಸಿದರೆ ಅದು 11 ಗೇಜ್ ಅಲ್ಲ. ನಾನು ಎರಡನೆಯ ಸಲ ಕೊಳ್ಳುವಾಗ ಹೀಗೆಯೇ ತೂಗಿಸಿ ತೆಗೆದುಕೊಂಡೆ, ಅಂಗಡಿಯವರು ಬೇಸರಪಡಲಿಲ್ಲ. ಹಾಗೆಂದು ಎಲ್ಲರಿಗೂ 3 ಮಿಲಿಮೀಟರ್ ಬೇಕೆಂದಲ್ಲ; 100 ಕಿಲೋದ ಒಳಗೆ ಅಭ್ಯಾಸ ಮಾಡುವವರಿಗೆ 2 ಮಿಲಿಮೀಟರಿನ ಚೆನ್ನಾದ ವೆಲ್ಡಿಂಗ್ ಇರುವ ರ‍್ಯಾಕ್ ಸಾಕಾಗುತ್ತದೆ. ಹಗುರವಾದ ರ‍್ಯಾಕ್ ಅಲ್ಲಾಡುವುದು ಹೆಚ್ಚು, ಅಷ್ಟೇ. ಬಾಡಿಗೆ ಮನೆಯಲ್ಲಿ ನೆಲಕ್ಕೆ ಬೋಲ್ಟ್ ಹೊಡೆಯಲಾಗದವರು ಹಿಂದಿನ ಕಂಬಗಳಿಗೆ ಪ್ಲೇಟು ತೂಗುಹಾಕುವ ಗೂಟಗಳಿರುವ ರ‍್ಯಾಕ್ ತೆಗೆದುಕೊಂಡರೆ ಪ್ಲೇಟುಗಳ ತೂಕವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ ಗರಿಷ್ಠ ತೂಕದ ಸಂಖ್ಯೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಏಕೆಂದರೆ ಮೆಲ್ಲಗೆ ಇಟ್ಟ ಭಾರಕ್ಕೂ ಕೈತಪ್ಪಿ ಬಿದ್ದ ಭಾರಕ್ಕೂ ಬಹಳ ವ್ಯತ್ಯಾಸವಿದೆ.

ಸ್ಮಿತ್ ಮಷೀನಿನಲ್ಲಿ ರಾಡು ಕಂಬಿಗಳ ಮೇಲೆ ಒಂದೇ ದಾರಿಯಲ್ಲಿ ಚಲಿಸುತ್ತದೆ. ಸಮತೋಲನದ ತೊಂದರೆ ಇರುವವರಿಗೆ ಅದು ಉಪಯುಕ್ತ. ಆದರೆ ನಿಮ್ಮ ಹಣದ ಮಿತಿಯಲ್ಲಿ ಸಿಗುವ ಎಲ್ಲವೂ-ಒಂದರಲ್ಲೇ ಯಂತ್ರಗಳಲ್ಲಿ ಒಳ್ಳೆಯ ಬೇರಿಂಗ್ ಸಿಗುವುದು ಕಷ್ಟ. ರಾಡು ಸಲೀಸಾಗಿ ಜಾರದೆ ತಡೆತಡೆದು ಇಳಿಯುತ್ತದೆ, ಒಂದು ಬದಿ ಮುಂದಾಗಿ ಇನ್ನೊಂದು ಬದಿ ಹಿಂದಾಗುತ್ತದೆ. ನನ್ನ ಹಳೆಯ ರ‍್ಯಾಕಿನದೂ ಇದೇ ಪಾಡಾಗಿತ್ತು. ಕೇಬಲ್ ಬಗ್ಗೆ ನನಗೆ ಅಷ್ಟು ವಿರೋಧವಿಲ್ಲ, ಬೆನ್ನಿಗೂ ಭುಜಕ್ಕೂ ಅದರಿಂದ ನಿಜವಾದ ಪ್ರಯೋಜನವಿದೆ. ಕೊಳ್ಳುವಾಗ ರಾಟೆಗಳ ಅನುಪಾತ ಕೇಳಿ. 2:1 ಎಂದರೆ 80 ಕಿಲೋ ಇಟ್ಟಾಗ ಕೈಗೆ ಬರುವುದು 40 ಕಿಲೋ, ಜೊತೆಗೆ ಹಗ್ಗ ಎರಡರಷ್ಟು ದೂರ ಎಳೆಯಲು ಬರುತ್ತದೆ. 1:1 ಆದರೆ ಇಟ್ಟಷ್ಟೂ ಕೈಗೆ ಬರುತ್ತದೆ. ಮೇಲಿನ ಹಿಡಿಯನ್ನು ಎದೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಮಾಡುವವರಿಗೆ 1:1 ಹಿತ. ರಾಟೆಯನ್ನು ಬೆರಳಿನಿಂದ ತಿರುಗಿಸಿ ನೋಡಿ; ಬಿಟ್ಟ ಮೇಲೂ ನಾಲ್ಕಾರು ಸುತ್ತು ತಾನೇ ತಿರುಗಬೇಕು.

ಪೀಣ್ಯದಲ್ಲಿ ಫ್ಯಾಬ್ರಿಕೇಶನ್‌ನವರಿಂದ ಮಾಡಿಸಬಹುದೇ ಎಂದೂ ಕೇಳಿದ್ದೀರಿ. ಮಾಡಿಸಬಹುದು, ಒಂದು ಷರತ್ತಿನ ಮೇಲೆ: ರಂಧ್ರಗಳನ್ನು ಲೇಸರ್ ಕಟಿಂಗ್‌ನಲ್ಲೇ ಮಾಡಿಸಬೇಕು. ಕೈ ಡ್ರಿಲ್ಲಿನಲ್ಲಿ ಕೊರೆದ ರಂಧ್ರಗಳು ಎಡ ಬಲ ಕಂಬಗಳಲ್ಲಿ 2 ಮಿಲಿಮೀಟರ್ ಆಚೀಚೆಯಾದರೂ ಸೇಫ್ಟಿ ಬಾರ್ ಓರೆಯಾಗುತ್ತದೆ, ಪಿನ್ನು ಸಿಕ್ಕಿಕೊಳ್ಳುತ್ತದೆ. ಐ.ಎಸ್. 4923 (ಟೊಳ್ಳು ಉಕ್ಕಿನ ಪೈಪುಗಳ ಭಾರತೀಯ ಮಾನಕ) ಗುರುತಿರುವ ಪೈಪನ್ನೇ ಕೇಳಿ, ಬಣ್ಣಕ್ಕೆ ಪೌಡರ್ ಕೋಟಿಂಗ್ ಮಾಡಿಸಿ. ರಾಡು ಕೂರುವ ಜೆ-ಹುಕ್ಕುಗಳ ಒಳಮೈಗೆ ಗಟ್ಟಿ ಪ್ಲಾಸ್ಟಿಕ್ ಪದರ ಇರಲೇಬೇಕು, ಇಲ್ಲದಿದ್ದರೆ ರಾಡಿನ ಒರಟು ಮೈ ಬೇಗ ಸವೆದುಹೋಗುತ್ತದೆ.

ನೆಲಕ್ಕೆ ಬಂದರೆ, ಮನೆಯ ಕೋಣೆಗಳ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ. ರ‍್ಯಾಕ್, ಪ್ಲೇಟುಗಳು, ನೀವು ಎಲ್ಲ ಸೇರಿ 300 ಕಿಲೋ ಎಂದಿಟ್ಟುಕೊಳ್ಳಿ; ಆ ಭಾರ ನಾಲ್ಕು ಕಾಲುಗಳ ಅಡಿಯಲ್ಲೇ ನಿಲ್ಲದೆ ಹರಡಿಕೊಳ್ಳುವಂತೆ ಕೆಳಗೆ 18 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿ, ರ‍್ಯಾಕನ್ನು ಕೋಣೆಯ ನಡುವೆ ಇಡದೆ ತೊಲೆಯಿರುವ ಗೋಡೆಯ ಹತ್ತಿರ ಇಡಿ. ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ) ಮನೆಗಳ ಮಹಡಿಯಲ್ಲಿ ಇಡುವವರು ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಬೇಕು. ಬಾಲ್ಕನಿಯಲ್ಲಿ ಬೇಡ; ನೀರು ಹರಿಯಲೆಂದು ಅಲ್ಲಿನ ನೆಲ ಇಳಿಜಾರಾಗಿರುತ್ತದೆ, ಮಳೆಯ ಇರಚಲಿಗೆ ರಾಡು ತುಕ್ಕು ಹಿಡಿಯುತ್ತದೆ. ರಾಡನ್ನು ನೆಲದಿಂದ ಎತ್ತುವ ಡೆಡ್‌ಲಿಫ್ಟ್ ಮಾಡುವಾಗ ರಾಡನ್ನು ಕೈಬಿಡದೆ ಇಳಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ, ಕೆಳಗಿನ ಮನೆಯವರೊಂದಿಗೆ ವೇಳೆಯನ್ನೂ ಮಾತಾಡಿಕೊಳ್ಳಿ.

ನಿಮ್ಮ 70,000ದಲ್ಲಿ ರ‍್ಯಾಕಿಗೆ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ. ಒಳ್ಳೆಯ ರಾಡು, ಅಲ್ಲಾಡದ ಬೆಂಚು, ಮ್ಯಾಟು ಇವು ಉಳಿದ ಹಣದಲ್ಲಿ ಬರಬೇಕು. ಜೋಡಿಸುವಾಗ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಗಾರೆ ಕೆಲಸದವರ ರಸಮಟ್ಟ ಇಟ್ಟು ನಾಲ್ಕು ಕಂಬಗಳೂ ನೆಟ್ಟಗಿವೆಯೇ ಎಂದು ನೋಡಿದ ಮೇಲೆ ಬಿಗಿಯಿರಿ, ಒಂದು ವಾರದ ನಂತರ ಇನ್ನೊಮ್ಮೆ ಸ್ಪ್ಯಾನರ್ ಹಿಡಿಯಿರಿ. ಕಂಬದ ರಂಧ್ರಗಳಿಗೆ ಸಂಖ್ಯೆ ಇಲ್ಲದಿದ್ದರೆ ಮಾರ್ಕರಿನಲ್ಲಿ ನೀವೇ ಬರೆಯಿರಿ. ಆಮೇಲೆ ಸ್ಕ್ವಾಟಿಗೆ ಎಷ್ಟನೆಯದು, ಬೆಂಚಿಗೆ ಎಷ್ಟನೆಯದು ಎಂದು ನಿಮ್ಮದನ್ನೂ ನಿಮ್ಮ ಮನೆಯವರದನ್ನೂ ಬೇರೆ ಬೇರೆಯಾಗಿ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಬ್ಬರ ಅಭ್ಯಾಸ ಮುಗಿದು ಇನ್ನೊಬ್ಬರು ಬೆಂಚಿನ ಮೇಲೆ ಮಲಗುವ ಮುಂಚೆ ಸೇಫ್ಟಿ ಬಾರನ್ನು ಅವರ ಸಂಖ್ಯೆಗೆ ಬದಲಿಸಿ.