ಕೇಳಿ, ಹೇಳ್ತೀವಿ: ಹಿಟ್ಟು ರುಬ್ಬೋರು ಯಾರು?

ಪ್ರ: ನಂದಿನಿ ದೋಸೆ ಹಿಟ್ಟು ಬಂದಾಗಿಂದ ನಾನು ಮನೇಲಿ ರುಬ್ಬೋದು ನಿಲ್ಸಿದೀನಿ. ನಮ್ಮ ಮಾವ ದಿನಾ ಬೆಳಗ್ಗೆ ದೋಸೆ ತಿಂತಾ ತಿಂತಾನೇ "ಸಂಸ್ಕೃತಿ ಹಾಳಾಯ್ತು" ಅಂತಾರೆ. ಏನ್ ಹೇಳ್ಲಿ? (ರಾಜಾಜಿನಗರ)

ಉ: ಏನೂ ಹೇಳ್ಬೇಡಿ, ಇನ್ನೊಂದು ದೋಸೆ ಹಾಕಿ. ಕೆಎಂಎಫ್‌ನೋರು ಹಿಟ್ಟು ಬಿಟ್ಟಿದ್ದು 2024ರ ಡಿಸೆಂಬರ್ ಕೊನೇಲಿ, ಅದಕ್ಕೂ ಎಷ್ಟೋ ವರ್ಷ ಮೊದ್ಲೇ ಬೆಂಗಳೂರಿನ ಗಲ್ಲಿಗಳಲ್ಲಿ ಹಿಟ್ಟಿನ ಅಂಗಡಿ ಇದ್ವು, ಅದಕ್ಕೂ ಮುಂಚೆ ಗ್ರೈಂಡರ್ ಬಂದಾಗ "ಒರಳಲ್ಲಿ ರುಬ್ಬಿದ ರುಚಿ ಬರಲ್ಲ" ಅಂದೋರೂ ಇದ್ರು, ಹಂಗಂದೋರಲ್ಲಿ ಗುಂಡುಕಲ್ಲು ತಿರುಗಿಸಿದೋರು ಮಾತ್ರ ಬಾಳ ಕಮ್ಮಿ. ರುಚಿ ವಿಷಯದಲ್ಲಿ ಮಾವನ ಮಾತು ಪೂರ್ತಿ ತಳ್ಳಿಹಾಕೋ ಹಂಗಿಲ್ಲ. ರಾತ್ರಿಯಿಡೀ ಉಬ್ಬಿ ಬೆಳಗ್ಗೆ ಪಾತ್ರೆ ಮುಚ್ಚಳ ಎತ್ಕೊಂಡು ಕಟ್ಟೆ ಮೇಲೆ ಸುರಿದಿರುತ್ತಲ್ಲ, ಆ ಹಿಟ್ಟಿನ ಘಮ ಫ್ರಿಜ್ಜಿನ ಪ್ಯಾಕೆಟ್ಟಿಗಿಲ್ಲ. ಅದು ಬೇಕಾದ್ರೆ ಅಕ್ಕಿ, ಉದ್ದು, ಮೆಂತ್ಯ ನೆನೆಹಾಕಿ ಸಂಜೆ ರುಬ್ಬಿ ಗ್ರೈಂಡರ್ ತೊಳೆದಿಡೋ ಕೆಲಸ ಮಾವನಿಗೇ ವಹಿಸಿ.

ಪ್ರ: ಗೋಬಿ ಮಂಚೂರಿ ಕೆಂಪಗೆ ಇಲ್ದಿದ್ರೆ ಮಕ್ಕಳು ಮುಟ್ಟಲ್ಲ. (ದಾವಣಗೆರೆ)

ಉ: 2024ರ ಮಾರ್ಚಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕ್ಬಾರ್ದು ಅಂದಿದ್ದು ಸುಮ್ನೆ ಅಲ್ಲ, ರೋಡಮೈನ್-ಬಿ ಬಟ್ಟೆಗೆ ಹಾಕೋ ಬಣ್ಣ. ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ. ಖಾರ ಕಮ್ಮಿ, ಬಣ್ಣ ಜಾಸ್ತಿ. ಗಾಡಿ ಗೋಬಿಯಷ್ಟು ಕಣ್ಣಿಗೆ ಹೊಡೆಯಲ್ಲ, ಹೊಡೀಬಾರ್ದು ಕೂಡ.

ಪ್ರ: ಫುಡ್ ವ್ಲಾಗರ್‌ಗಳು ಮನೆ ಊಟದ ರಿವ್ಯೂ ಯಾಕೆ ಮಾಡಲ್ಲ? (ಹುಬ್ಬಳ್ಳಿ)

ಉ: ರಾತ್ರಿ ಊಟ ಬೇಕಲ್ಲ.

ಪ್ರ: ಮುದ್ದೆ ಅಂದ್ರೆ ಮೂಗು ಮುರೀತಿದ್ದ ಸಿಟಿ ನೆಂಟರು ಈಗ ರಾಗಿ ಪ್ಯಾನ್‌ಕೇಕ್ ಸ್ಟೇಟಸ್ ಹಾಕ್ತಾರೆ, "ನಮ್ಮ ಶುದ್ಧ ದೇಸಿ ಆಹಾರ" ಅಂತ ಬೇರೆ. (ಮದ್ದೂರು)

ಉ: 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದ್ಮೇಲೆ ಶುರುವಾದ ಜ್ವರ ಇದು. ಬರ್ಲಿ ಬಿಡಿ, ತಿನ್ನಲಿ. ಆದ್ರೆ ರಾಗಿ ಮೂಲ ಪೂರ್ವ ಆಫ್ರಿಕಾ, ಸಾವಿರಾರು ವರ್ಷದ ಹಿಂದೆ ಬಂದು ನಮ್ದಾಯ್ತು. ಆಮೇಲೂ ನಿಮ್ಮ ಮಂಡ್ಯ ಜಿಲ್ಲೆಯ ವಿ.ಸಿ. ಫಾರ್ಮ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲೇ ಲಕ್ಷ್ಮಣಯ್ಯ ಅನ್ನೋ ವಿಜ್ಞಾನಿ ನಮ್ಮ ರಾಗೀನೂ ಆಫ್ರಿಕಾದ ರಾಗೀನೂ ಕೂಡಿಸಿ ಇಂಡಾಫ್ ತಳಿಗಳನ್ನ ತಂದ್ರು, ಇಳುವರಿ ಏರಿತು, ಎಷ್ಟೋ ಮನೆ ಹೊಟ್ಟೆ ತುಂಬ್ತು. ಶುದ್ಧ ದೇಸಿ ಅನ್ನೋ ನೆಂಟರಿಗೆ ಇದನ್ನ ಹೇಳಿ. ಇನ್ನೊಂದೂ ಹೇಳಿ: 2025-26ಕ್ಕೆ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದ್ರೆ ಕೆಜಿಗೆ 49 ರೂಪಾಯಿ ಹತ್ರ ಹತ್ರ. ಪ್ಯಾನ್‌ಕೇಕ್ ಬಿಲ್ ಪಕ್ಕದಲ್ಲಿ ಇಟ್ಟು ನೋಡ್ಲಿ.

ಪ್ರ: ಅನ್ನಭಾಗ್ಯದಲ್ಲಿ ದುಡ್ಡು ಕೊಡ್ತಿದ್ದದ್ದೇ ಚೆನ್ನಾಗಿತ್ತಾ, ಅಕ್ಕಿನೇ ವಾಸಿನಾ? (ಸಿಂಧನೂರು)

ಉ: 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಬದಲು ಕೆಜಿಗೆ 34ರಂತೆ ಒಬ್ಬರಿಗೆ 170 ರೂಪಾಯಿ ಬರ್ತಿತ್ತು, 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿನೇ ಕೊಡೋಕೆ ಶುರು ಮಾಡಿದ್ರು. ದುಡ್ಡಿದ್ರೆ ಬೇಳೆ, ಎಣ್ಣೆ ತರಬಹುದು, ಬರೀ ಅನ್ನ ತಿಂದು ಯಾರಿಗೂ ಶಕ್ತಿ ಬರಲ್ಲ. ಆದ್ರೆ ದುಡ್ಡು ಕೈಗೆ ಬರೋ ಹೊತ್ತಿಗೆ ಮನೇಲಿ ಸಾಲದೋರು, ಕುಡಿಯೋರು ಕಾಯ್ತಾ ಕೂತಿದ್ರೆ ಅಕ್ಕಿನೇ ವಾಸಿ, ಡಬ್ಬಿಗೆ ಸುರಿದ ಮೇಲೆ ಕಿತ್ಕೊಳ್ಳೋದು ಅಷ್ಟು ಸಲೀಸಲ್ಲ. ನಿಮ್ಮ ಮನೇಲಿ ಪಾಸ್‌ಬುಕ್ ಯಾರ ಕೈಲಿದೆ ಅನ್ನೋದು ಗೊತ್ತಾದ್ರೆ ಖಚಿತವಾಗಿ ಹೇಳ್ತೀನಿ.